ಪರದೇಶದ ಪಯಣಕ್ಕೆ ಒಂದು ನೆರವಿನ ನುಡಿ

ಹಾವೇರಿಗೂ ರಾಣೆಬೆನ್ನೂರಿಗೂ ನಡುವಣ ಬ್ಯಾಡಗಿಯ ಪೇಟೆಯನ್ನು ಮೆಣಸಿನಕಾಯಿಯ ಸುಗ್ಗಿಯಲ್ಲಿ ಹೊಕ್ಕವರಿಗೆ ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುವುದುಂಟು. ಬಳ್ಳಾರಿ, ರಾಯಚೂರುಗಳಿಂದ ಮಾತ್ರವಲ್ಲದೆ ಆಂಧ್ರದ ಕರ್ನೂಲು, ಗುಂಟೂರುಗಳ ಕಡೆಯಿಂದಲೂ ರೈತರು ಚೀಲಗಳನ್ನು ಹೇರಿಕೊಂಡು ಅಲ್ಲಿಗೆ ಬರುತ್ತಾರೆ. ಅಂಥವನಿಗೆ ಕನ್ನಡ ಬಾರದಿದ್ದರೆ, ದರವೆಷ್ಟು, ತೂಕವೆಷ್ಟು, ಹಣ ಎಂದು ಕೈಸೇರುವುದು ಎಂಬುದನ್ನೆಲ್ಲ ಎರಡು ಭಾಷೆ ಬಲ್ಲ ಇನ್ನೊಬ್ಬನ ಬಾಯಿಂದಲೇ ಅರಿಯಬೇಕು. ಆ ಇನ್ನೊಬ್ಬನು ಪ್ರಾಮಾಣಿಕನಾದರೆ ಸರಿ. ಅಲ್ಲವಾದರೆ ವರ್ಷದ ದುಡಿಮೆ ಅವನ ನಾಲಗೆಯ ತುದಿಯಲ್ಲಿ ನಿಂತಿತು. ನುಡಿಯರಿಯದ ನಾಡಿಗೆ ಹೋದ ಪಯಣಿಗನ ಪಾಡೂ ಇದೇ. ಈ ಪಾಡಿಗೆ ಯೂರೋಪಿನಲ್ಲಿ ಹುಟ್ಟಿದ ಪರಿಹಾರವೊಂದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಝಾಮೆನ್‌ಹೋಫ್ ಎಂಬ ಕಣ್ಣಿನ ವೈದ್ಯನು ಹುಟ್ಟಿದ್ದು 1859ರಲ್ಲಿ, ಬಿಯಾಲಿಸ್ತೋಕ್ ಎಂಬ ಊರಿನಲ್ಲಿ. ಅಲ್ಲಿ ಯೆಹೂದ್ಯರು, ಪೋಲರು, ರಷ್ಯನರು, ಜರ್ಮನರು ಒಂದೇ ಬೀದಿಯಲ್ಲಿದ್ದೂ ಒಬ್ಬರಿಗೊಬ್ಬರು ಪರಕೀಯರಾಗಿದ್ದರು. ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲರೂ ಸುಲಭವಾಗಿ ಕಲಿಯಬಲ್ಲ ಎರಡನೆಯ ಭಾಷೆಯೊಂದು ಬೇಕೆಂದು ಆತನು ಬಗೆದು, 1887ರಲ್ಲಿ ವಾರ್ಸಾದಲ್ಲಿ ಎಸ್ಪೆರಾಂಟೊ ಭಾಷೆಯ ಮೊದಲ ಪುಸ್ತಕವನ್ನು ಪ್ರಕಟಿಸಿದನು.

ಇದರ ವ್ಯಾಕರಣಕ್ಕೆ ಮೂಲಸೂತ್ರಗಳು 16 ಮಾತ್ರ. ಕನ್ನಡಿಗರಿಗೆ ಅದರ ರೀತಿ ಅಷ್ಟೇನೂ ಹೊಸದೆನಿಸದು. ನಾವು ಮನೆ, ಮನೆಗಳು, ಮನೆಗಳನ್ನು ಎನ್ನುವಂತೆ ಅಲ್ಲಿ ದೋಮೊ, ದೋಮೊಯ್, ದೋಮೊಯ್ನ್ ಎನ್ನುತ್ತಾರೆ. ಮೊದಲು ಪದ, ಆಮೇಲೆ ಬಹುವಚನ, ಕೊನೆಗೆ ದ್ವಿತೀಯಾ ವಿಭಕ್ತಿ. ಜೋಡಣೆಯ ಕ್ರಮ ನಮ್ಮದೇ. ಅಮೀಕೊ ಎಂದರೆ ಮಿತ್ರ; ಮುಂದೆ ‘ಮಲ್’ ಸೇರಿಸಿದರೆ ಶತ್ರು. ಹೀಗೆ ಕೆಲವೇ ಧಾತುಗಳಿಂದ ಬಹು ಪದಗಳು ಹುಟ್ಟುತ್ತವೆ.

ಭಾಷೆಯಿದ್ದರೆ ಸಾಲದು, ಆಡುವವರೂ ದೊರೆಯಬೇಕಷ್ಟೆ. 1908ರಲ್ಲಿ ಸ್ಥಾಪಿತವಾದ ವಿಶ್ವ ಎಸ್ಪೆರಾಂಟೊ ಸಂಘವು ಊರೂರುಗಳಲ್ಲಿ ಪ್ರತಿನಿಧಿಗಳನ್ನು ಗೊತ್ತುಮಾಡಿ, ಅವರ ವಿಳಾಸಗಳನ್ನು ವಾರ್ಷಿಕ ಪುಸ್ತಕದಲ್ಲಿ ಅಚ್ಚುಮಾಡಿತು. ಬಂದ ಪಯಣಿಗನಿಗೆ ದಾರಿ ತೋರುವುದೂ ಪ್ರಶ್ನೆಗಳಿಗೆ ಉತ್ತರ ಹೇಳುವುದೂ ಅವರ ಕೆಲಸ, ಅದಕ್ಕೆ ಸಂಬಳವಿಲ್ಲ. 1974ರಿಂದ ಮನೆಯಲ್ಲಿ ತಂಗಲು ಸ್ಥಳ ಕೊಡುವವರ ಪಟ್ಟಿಯೊಂದೂ ಹೊರಟಿತು.

ಬಲ್ಗೇರಿಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಗೆ ಈ ಭಾಷೆ ಬೇಗನೆ ತಲುಪಿತು. 1963ರಲ್ಲಿ ಸೋಫಿಯಾದಲ್ಲಿಯೂ 1978ರಲ್ಲಿ ವಾರ್ನಾದಲ್ಲಿಯೂ ಅದರ ವಿಶ್ವಸಮ್ಮೇಲನಗಳು ನಡೆದವು. ಆ ನಾಡಿನ ಲಿಪಿ ಸಿರಿಲಿಕ್. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಆ ಲಿಪಿಯಲ್ಲಿ ಬರೆದದ್ದನ್ನು ಓದಲು ಬಾರದು. ಹೌದೆನ್ನಲು ಅಲ್ಲಿಯವರು ತಲೆಯನ್ನು ಎಡಬಲಕ್ಕೆ ಆಡಿಸುತ್ತಾರೆ. ನಮ್ಮವರ ತಲೆದೂಗಿಗೆ ಇದು ಹತ್ತಿರವಾದರೂ, ಪರದೇಶದವರನ್ನು ಕಂಡು ಕೆಲವರು ವಾಡಿಕೆಯನ್ನು ತಿರುಗಿಸುವುದರಿಂದ ಗೊಂದಲ ಹೆಚ್ಚುವುದು. ಇಂಥಲ್ಲಿ ಒಬ್ಬ ಎಸ್ಪೆರಾಂಟೊ ಮಿತ್ರನಿದ್ದರೆ ಸಾಕು. ಕೆಂಪು ಮೆಣಸಿನಕಾಯನ್ನು ಸುಟ್ಟು, ಟೊಮ್ಯಾಟೊ ಕೂಡಿಸಿ ಮಾಡುವ ಲ್ಯುತೆನಿತ್ಸಾ ಎಂಬ ವ್ಯಂಜನವನ್ನು ಆತನ ಮನೆಯಲ್ಲಿ ಉಂಡು, ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿಯ ಕಾಯಿಯನ್ನು ನೆನೆಯಬಹುದು.

ಇಂಗ್ಲಿಷ್ ಇರುವಾಗ ಇದೇಕೆ ಎಂದು ಸುಶಿಕ್ಷಿತರು ಕೇಳುವುದು ಸಹಜ. ಇಂಗ್ಲಿಷಿನಲ್ಲಿ ಇಂಗ್ಲಿಷರು ಮನೆಯವರು, ಮಿಕ್ಕವರೆಲ್ಲ ಅತಿಥಿಗಳು. ಎಸ್ಪೆರಾಂಟೊದಲ್ಲಿ ಇಬ್ಬರೂ ಕಲಿತು ಬಂದವರಾದ್ದರಿಂದ ಮಾತಿನಲ್ಲಿ ಮೇಲುಕೀಳಿಲ್ಲ. ಆದರೆ ಅದರ ಮಿತಿಯನ್ನೂ ಹೇಳಬೇಕು. ಅದನ್ನು ಬಲ್ಲವರು ಎಲ್ಲೆಡೆಯೂ ಸ್ವಲ್ಪವೇ. ಸಂತೆಯಲ್ಲಿ ಹಣ್ಣು ಮಾರುವ ಮುದುಕಿಗೆ ಅದು ಬಾರದು. ಅವಳಿಗೆ ‘ಬ್ಲಗೊದರ್ಯಾ’ ಎಂದು ಅವಳ ನುಡಿಯಲ್ಲೇ ವಂದನೆ ಹೇಳಿದರೆ ಮುಖ ಅರಳುತ್ತದೆ. ಸಾಮಾನ್ಯ ಭಾಷೆ ಬಾಗಿಲನ್ನು ತೆರೆಯುತ್ತದೆ. ಮನೆಯೊಳಗಿನ ಮಾತು ಮನೆಯವರದೇ.

ಬ್ಯಾಡಗಿಯ ಪೇಟೆಗೆ ಹೊಸ ಭಾಷೆಯೊಂದು ಬೇಕಿಲ್ಲ. ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರು. ಅಲ್ಪಶ್ರಮದಿಂದ ಒಬ್ಬರದನ್ನು ಇನ್ನೊಬ್ಬರು ಓದಬಹುದು. ದರ, ತೂಕ, ಕಡಿತಗಳ ಚೀಟಿಯನ್ನು ಎರಡರಲ್ಲಿಯೂ ಬರೆದುಕೊಟ್ಟರೆ ದೂರದ ರೈತನು ಪರರ ನಾಲಗೆಯನ್ನು ನಂಬಿ ನಿಲ್ಲಬೇಕಾಗದು. ಬಂದವನಿಗೆ ಅರ್ಥವಾಗುವಂತೆ ಮಾತಾಡುವುದು ಆತಿಥ್ಯದ ಮೊದಲ ಪಾಠ. ಅದನ್ನು ಕಲಿಯಲು ಬಲ್ಗೇರಿಯಕ್ಕೆ ಹೋಗಬೇಕಾಗಿಲ್ಲ.