ಫ್ಯಾಂಟಮ್: ಒಂದೇ ಮುಖವಾಡ, 21 ತಲೆಮಾರು

ಅಮೆರಿಕದ ಲೀ ಫಾಕ್ 1936ರಲ್ಲಿ ದಿನಪತ್ರಿಕೆಗಳ ಚಿತ್ರಕಥೆಗಾಗಿ ಸೃಷ್ಟಿಸಿದ ಫ್ಯಾಂಟಮ್ ಒಬ್ಬ ಮನುಷ್ಯನಲ್ಲ, ಒಂದೇ ವೇಷವನ್ನು ತಲೆತಲಾಂತರದಿಂದ ತೊಡುತ್ತ ಬಂದ ಮನೆತನ. ಕಥೆಯಲ್ಲಿ ಇದರ ಆರಂಭ 1536ರಲ್ಲಿ. ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡು ಹೇಗೋ ದಡ ಸೇರಿದ ತರುಣ, ಕೊಲೆಗಾರನ ತಲೆಬುರುಡೆಯ ಮೇಲೆ ಆಣೆಯಿಟ್ಟು, ತಾನೂ ತನ್ನ ವಂಶದವರೂ ಕಡಲ್ಗಳ್ಳತನ ಮತ್ತು ಅನ್ಯಾಯದ ವಿರುದ್ಧ ಹೋರಾಡುವುದಾಗಿ ಶಪಥ ಮಾಡುತ್ತಾನೆ.

ತಂದೆ ಸತ್ತರೆ ಸುದ್ದಿ ಹೊರಬೀಳುವುದಿಲ್ಲ. ಮಗ ಅದೇ ಮೈಗಂಟಿದ ಉಡುಪು, ಅದೇ ಕಪ್ಪು ಮುಖವಾಡ, ಅದೇ ಬುರುಡೆಯುಂಗುರ ತೊಟ್ಟು ಕಾಡಿನಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನಿಗೆ ಸಾವೇ ಇಲ್ಲವೆಂದು ಜನ ನಂಬುತ್ತಾರೆ. ‘ನಡೆದಾಡುವ ಭೂತ’ ಎಂಬ ಹೆಸರು ಬಂದದ್ದೂ ಹಾಗೆಯೇ. ವೈರಿಗಳನ್ನು ಅರ್ಧ ಸೋಲಿಸುವುದು ಈ ನಂಬಿಕೆಯೇ. ಗುಟ್ಟು ಬಲ್ಲವರು ಕಾಡಿನ ಬಾಂಡರ್ ಪಂಗಡದವರು ಮತ್ತು ತೀರಾ ಹತ್ತಿರದ ಕೆಲವರು ಮಾತ್ರ. ಫ್ಯಾಂಟಮ್‌ನ ನೆಲೆಯಾದ ಬುರುಡೆ ಗುಹೆಯೊಳಗೆ ಹಿಂದಿನವರ ಸಮಾಧಿಗಳಿವೆ. ಪ್ರತಿಯೊಬ್ಬನೂ ತನ್ನ ಸಾಹಸಗಳನ್ನು ಬರೆದಿಟ್ಟ ದಪ್ಪ ಹೊತ್ತಗೆಗಳಿವೆ. ಈಗಿನವನು 21ನೆಯವನು.

ಬಿಡಿ ಕಥೆಗಳಿಗೂ ಇದರಿಂದ ದೊಡ್ಡ ಅನುಕೂಲ. ಯಾವ ಶತಮಾನಕ್ಕೆ ಬೇಕಾದರೂ ಹೋಗಿ ಬೇರೊಬ್ಬ ಫ್ಯಾಂಟಮ್‌ನ ಕಥೆ ಹೇಳಬಹುದು. ಅವುಗಳಲ್ಲಿ ವಿಶೇಷವಾದುದು ಜೂಲಿಯದು: 17ನೆಯವನು ಹೋರಾಡಲಾಗದ ಸ್ಥಿತಿಯಲ್ಲಿದ್ದಾಗ ಅವನ ಅವಳಿ ಸೋದರಿ ಜೂಲಿ ತಾನೇ ವೇಷ ತೊಟ್ಟು ಕಾಡಿಗಿಳಿಯುತ್ತಾಳೆ. ಭಾರತದ ಓದುಗರಿಗೆ ಈ ವಂಶ ಪರಿಚಯವಾದದ್ದು ಬಹುಮಟ್ಟಿಗೆ 1964ರಲ್ಲಿ ಶುರುವಾದ ಇಂದ್ರಜಾಲ್ ಕಾಮಿಕ್ಸ್ ಮೂಲಕ.