ದರಗೆಲೆಯ ಅಡಿಯಲ್ಲಿ

ಉಡುಪಿ, ಮಣಿಪಾಲದ ನಳ್ಳಿಗಳಿಗೆ ಬಹುಕಾಲದಿಂದ ಬರುತ್ತಿರುವುದು ಬಜೆ ಅಣೆಕಟ್ಟಿನಲ್ಲಿ ತಡೆದ ಸ್ವರ್ಣಾ ನದಿಯ ನೀರು. ಕಾಪುವಿನ ಕಡಲ ಮೇಲಿಂದ ಬಂದ ಮುಂಗಾರಿನ ಮೋಡ ಕಾರ್ಕಳ ದಾಟಿ ಕುದುರೆಮುಖದ ಸಾಲಿಗೆ ತಾಗಿ, ಮೇಲೇರಿ, ತಣಿದು ಸುರಿಯುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ., ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ಬಹುಪಾಲು ನಾಲ್ಕೇ ತಿಂಗಳ ಮಳೆ. ಹಾಗಿದ್ದೂ ಫೆಬ್ರವರಿಯಲ್ಲಿ ಹೊಳೆ ಹರಿಯುವುದು ಹೇಗೆ?

ಕಾಡಿನಲ್ಲಿ ಮಳೆ ನೇರವಾಗಿ ನೆಲಕ್ಕೆ ಬೀಳುವುದು ಕಡಿಮೆ. ಒಂದಷ್ಟು ಎಲೆಯ ಮೇಲೇ ಆರುತ್ತದೆ, ಒಂದಷ್ಟು ಕಾಂಡ ಹಿಡಿದು ಇಳಿಯುತ್ತದೆ. ಕೆಳಗೆ ದರಗೆಲೆ, ಅದರಡಿ ಬೇರು, ಗೆದ್ದಲು, ಎರೆಹುಳು ಸಡಿಲಿಸಿದ ಮಣ್ಣು. ಅಲ್ಲಿ ಇಂಗಿದ ನೀರು ಮಣ್ಣಿನಲ್ಲೂ ಬಂಡೆಯ ಬಿರುಕುಗಳಲ್ಲೂ ನಿಂತು, ಮಳೆಗಾಲ ಮುಗಿದ ಮೇಲೆ ಒರತೆಯಾಗಿ ತೋಡಿಗೆ ಸೇರುತ್ತದೆ. ಬೋಳು ಪದವಿನ ಮೇಲೆ ಬಿದ್ದ ಮಳೆಗೆ ಇಷ್ಟು ಸಾವಕಾಶವಿಲ್ಲ. ಬೇರು ಹೀರಿದ ನೀರು ಎಲೆಯಿಂದ ಆವಿಯಾಗಿ ಗಾಳಿಗೆ ಮರಳುವುದೂ ಹೌದು. ಆದರೆ ಕಾಡೇ ಮಳೆ ತರುತ್ತದೆ ಎಂಬ ಭಾಷಣದ ಮಾತನ್ನು ಇಲ್ಲಿ ಪೂರ್ತಿ ನಂಬಬೇಕಿಲ್ಲ. ಅಮೆಜಾನಿನಲ್ಲಿ ಅದು ಬಹಳಷ್ಟು ನಿಜ, ನಮ್ಮ ಮುಂಗಾರು ಮುಖ್ಯವಾಗಿ ಕಡಲಿನದ್ದು.

ಇಷ್ಟು ಮಳೆ ಹೊಯ್ದರೆ ಮಣ್ಣಿನ ಸಾರ ಉಳಿಯುವುದೆಲ್ಲಿ? ಸುಣ್ಣ, ಪೊಟ್ಯಾಷ್ ತೊಳೆದುಹೋಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಅದೇ ಅತಿಯಾದಲ್ಲಿ ಮುರಕಲ್ಲು. ಇದ್ದ ರಂಜಕವನ್ನೂ ಕಬ್ಬಿಣ ಬಿಗಿಹಿಡಿಯುತ್ತದೆ. ಇಂಥ ಮಣ್ಣಿನಲ್ಲಿ ಧೂಪದ ಮರ ಅಷ್ಟೆತ್ತರ ಬೆಳೆಯುವುದು ಬಹುಮಟ್ಟಿಗೆ ಕಾಡು ತಾನೇ ಉದುರಿಸಿದ್ದನ್ನು ತಿಂದು.

ಕಾರ್ಕಳದ ಬಳಿಯ ಮಾಳ ಊರಿನ ಕಾಡಂಚಿನಲ್ಲಿ ದರಗೆಲೆ ಸರಿಸಿ ನೋಡಿ. ಮೇಲಿನ ಎಲೆ ಗರಿಗರಿ. ಅದರಡಿಯದು ಕಪ್ಪಾಗಿ, ನರಗಳ ಬಲೆಯಷ್ಟೇ ಉಳಿದಿರುತ್ತದೆ. ಇನ್ನೂ ಕೆಳಗೆ ಬಿಳಿ ಶಿಲೀಂಧ್ರದ ಎಳೆಗಳೂ ಸಣ್ಣ ಬೇರುಗಳೂ ಹೆಣೆದುಕೊಂಡು, ಎತ್ತಿದರೆ ಮಣ್ಣೂ ಜೊತೆಗೇ ಬರುತ್ತದೆ. ಎಲೆ ಹೆಚ್ಚು ಉದುರುವುದು ಬೇಸಗೆಯಲ್ಲಿ. ಮೊದಲ ಮಳೆಗೆ ಕೊಳೆಯುವುದು ಚುರುಕಾಗುತ್ತದೆ. ಬಿಡುಗಡೆಯಾದ ಸಾರದಲ್ಲಿ ಹೆಚ್ಚಿನದನ್ನು ಈ ಹೆಣಿಗೆ ಹಿಡಿದು ಮರಕ್ಕೇ ಮರಳಿಸುತ್ತದೆ. ಎಲೆ ಉದುರಿಸುವ ಮುಂಚೆ ಮರ ಸಾರಜನಕ, ರಂಜಕದ ಒಂದು ಪಾಲನ್ನು ಹಿಂದಕ್ಕೆ ಎಳೆದುಕೊಂಡಿರುತ್ತದೆ ಕೂಡ. ಜುಗ್ಗ ಮರವೇ ಸರಿ!

ಈ ಸಾರವನ್ನೇ ನಮ್ಮ ಕೃಷಿಕರು ಕುಮ್ಕಿಯ, ಅಂದರೆ ಗದ್ದೆಗೆ ತಾಗಿದ ಸರ್ಕಾರಿ ಗುಡ್ಡೆಯ, ಸೊಪ್ಪಾಗಿ ಹಟ್ಟಿಗೆ ಹಾಕಿ, ಗೊಬ್ಬರವಾಗಿ ಗದ್ದೆಗೆ ಹೊತ್ತರು. ಗದ್ದೆ ತಣಿಯಿತು. ಆದರೆ ವರ್ಷವೂ ಗುಡಿಸಿದ ಗುಡ್ಡೆ ಸೊರಗುತ್ತದೆ, ಅಲ್ಲಿ ನೀರು ಇಂಗುವುದೂ ಕಡಿಮೆಯಾಗುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಸೋಗೆಯನ್ನು ಸುಡದೆ ಬುಡಕ್ಕೇ ಹಾಸಿದರೆ ಗುಡ್ಡೆಯಿಂದ ತರಬೇಕಾದ ಸೊಪ್ಪು ಅಷ್ಟು ಕಡಿಮೆ. ಹಾಳೆ ಬೇಕಾದವರು ಅದನ್ನು ಮೊದಲೇ ಕತ್ತರಿಸಿಕೊಳ್ಳಲಿ.