ಬೀಭತ್ಸಕ್ಕೆ ಕರುಣೆಯ ಆಸರೆ

ಭರತನು ಭಯಾನಕಕ್ಕೆ ಭಯವನ್ನೂ ಬೀಭತ್ಸಕ್ಕೆ ಜುಗುಪ್ಸೆಯನ್ನೂ ಸ್ಥಾಯಿಭಾವವೆಂದು ಹೇಳಿದ್ದಾನೆ. ಇವು ಕರುಣೆಯೊಡನೆ ಬೆರೆಯುವ ಬಗೆಗೆ ಎಸ್. ಕ್ರೇಗ್ ಝಾಲರ್ ನಿರ್ದೇಶಿಸಿದ ‘ಬೋನ್ ಟೊಮಾಹಾಕ್’ (2015) ಎಂಬ ಅಮೆರಿಕನ್ ಚಲನಚಿತ್ರ ಒಳ್ಳೆಯ ನಿದರ್ಶನ. ನರಭಕ್ಷಕರ ಸೆರೆಯಲ್ಲಿರುವವರನ್ನು ಬಿಡಿಸಲು ನಾಲ್ವರು ಹೊರಡುತ್ತಾರೆ. ಅವರಲ್ಲೊಬ್ಬನ ಕಾಲು ಮುರಿದಿದೆ. 132 ನಿಮಿಷಗಳ ಚಿತ್ರದ ಬಹುಭಾಗ ಈ ನಿಧಾನ ಪಯಣಕ್ಕೇ ಮೀಸಲು. ಅವರ ಮಾತು, ನೋವು, ನಗೆಗಳಿಂದ ಅವರು ನಮಗೆ ಆಪ್ತರಾಗುತ್ತಾರೆ. ಆದುದರಿಂದಲೇ ಗುಹೆಯಲ್ಲಿ ಸೆರೆಯಾಳೊಬ್ಬನನ್ನು ಸೀಳುವ ದೃಶ್ಯದಲ್ಲಿ ನಾನು ಮುಖ ತಿರುಗಿಸಿದ್ದು ರಕ್ತಕ್ಕೆ ಹೇಸಿ ಮಾತ್ರವಲ್ಲ, ಪಂಜರದೊಳಗಿಂದ ಅವನಿಗೆ ಧೈರ್ಯ ಹೇಳುವ ಶೆರಿಫನ ಅಸಹಾಯಕತೆಯನ್ನು ತಾಳಲಾರದೆ. ಕರುಣೆಯ ಆಸರೆಯಿಲ್ಲದ ಬೀಭತ್ಸ ಬರಿಯ ಹೇಸಿಕೆಯಾಗಿ ಉಳಿಯುತ್ತದೆ. ಅದನ್ನೇ ಮತ್ತೆ ಮತ್ತೆ ನೋಡಿದರೆ ಹೇಸಿಕೆಯೂ ಸವೆದುಹೋಗುತ್ತದೆ. ವಿದ್ಯಾರ್ಥಿಗಳು ಅಂಜಬೇಕಾದುದು ಆ ಸವೆತಕ್ಕೆ.